ಮನೆ ದುರಸ್ತಿಯ ಧೂಳಿಗೆ ತಾತ್ಕಾಲಿಕ ತಡೆ

ನಮ್ಮ ಕಡೆ ಮನೆ ದುರಸ್ತಿಯ ಕಾಲವೂ ಫಸಲು ಮನೆಯಲ್ಲಿರುವ ಕಾಲವೂ ಒಂದೇ. ಅಡಿಕೆ ಕೊಯ್ಲು, ಕಾಫಿ ಕೊಯ್ಲು ಎರಡೂ ಮುಗಿದು ಕೈ ಬಿಡುವಾಗುವುದು ಮಾರ್ಚ್ ತಿಂಗಳ ಹೊತ್ತಿಗೆ. ಮಳೆ ಹಿಡಿಯುವುದು ಜೂನ್ ಮೊದಲಿಗೆ. ಹೆಂಚು ಇಳಿಸಿ ರೀಪು ಬದಲಿಸುವುದು, ಅಡ್ಡಗೋಡೆ ಒಡೆದು ಕೋಣೆ ದೊಡ್ಡದು ಮಾಡುವುದು, ಮಣ್ಣಿನ ನೆಲ ಅಗೆದು ಟೈಲ್ಸ್ ಹಾಕಿಸುವುದು, ಮಲಗುವ ಕೋಣೆಗೆ ತಾಗಿದಂತೆ ಬಚ್ಚಲು ಕಟ್ಟಿಸುವುದು, ಇವೆಲ್ಲ ಆ ಮೂರು ತಿಂಗಳೊಳಗೆ ಆಗಬೇಕು. ಅದೇ ಮೂರು ತಿಂಗಳಲ್ಲಿ ಧಾರಣೆ ಏರೀತೆಂದು ಕಾದಿಟ್ಟ ಚಾಲಿ ಅಡಿಕೆ ಅಟ್ಟದ ಮೇಲಿರುತ್ತದೆ, ಚೆರಿ ಕಾಫಿಯ ಮೂಟೆಗಳು ನಡುಮನೆಯ ಮೂಲೆಯಲ್ಲಿರುತ್ತವೆ, ಕಾಳುಮೆಣಸಿನ ಚೀಲ ಮಂಚದ ಕೆಳಗಿರುತ್ತದೆ. ದೊಡ್ಡ ತೋಟದವರಿಗೆ ಬೇರೆ ಗೋದಾಮು ಉಂಟು. ಎರಡು ಮೂರು ಎಕರೆಯ ನಮ್ಮ ಬಹುಪಾಲು ಸದಸ್ಯರಿಗೆ ಮನೆಯೇ ಗೋದಾಮು.

ಕೆಲಸ ಶುರುವಾಗುವ ಹಿಂದಿನ ದಿನ ಸಾಮಾನ್ಯವಾಗಿ ನಾವೆಲ್ಲ ಮಾಡುವುದು ಒಂದೇ ಉಪಾಯ: ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹಾಳೆಯನ್ನೋ ತಾಡಪಾಲನ್ನೋ ತಂದು ಮೂಟೆಗಳ ಮೇಲೆ ಹೊದೆಸಿ, ಅಂಚಿಗೆ ನಾಲ್ಕು ಕಲ್ಲು ಹೇರಿ, ಮೇಸ್ತ್ರಿಗೆ ಬಾಗಿಲು ತೆರೆದುಕೊಡುವುದು. ಇದರಿಂದ ಎರಡು ಬಗೆಯ ನಷ್ಟ ಉಂಟು. ಮೊದಲನೆಯದು, ಧೂಳು ಮನೆಯಿಡೀ ಹರಡಿ ಎಲ್ಲರ ಎದೆಗೂ ಹೋಗುತ್ತದೆ. ಎರಡನೆಯದು, ಹೊದಿಕೆಯೊಳಗಿನ ಫಸಲು ವಾರಗಟ್ಟಲೆ ಗಾಳಿಯಿಲ್ಲದೆ ಬೆವರುತ್ತದೆ. ಹಗಲು ಬಿಸಿ, ರಾತ್ರಿ ತಂಪು; ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ನೀರು ಹನಿಗಟ್ಟಿ ಮೇಲಿನ ಚೀಲಕ್ಕೆ ಇಳಿಯುತ್ತದೆ. ಪಾರ್ಚ್‌ಮೆಂಟ್ ಕಾಫಿಯನ್ನು ಶೇಕಡಾ 10ರ ತೇವಾಂಶಕ್ಕೆ ತರಲು ಅಂಗಳದಲ್ಲಿ ದಿನಗಟ್ಟಲೆ ಪಟ್ಟ ಶ್ರಮ ಹೀಗೆ ವ್ಯರ್ಥವಾಗುತ್ತದೆ. ಧೂಳಿನಿಂದ ಉಳಿದ ಫಸಲು ಬೂಷ್ಟಿಗೆ ಬಲಿಯಾದರೆ ಉಳಿಸಿದ್ದೇನು?

ಆದುದರಿಂದ ತಡೆ ಕಟ್ಟಬೇಕಾದದ್ದು ಫಸಲಿನ ಸುತ್ತ ಅಲ್ಲ, ಧೂಳು ಹುಟ್ಟುವ ಜಾಗದ ಸುತ್ತ. ಅದೂ ಮೊದಲ ಸುತ್ತಿಗೆ ಏಟಿಗೆ ಮುಂಚೆ. ಇಬ್ಬರು ಸೇರಿದರೆ ಅರ್ಧ ದಿನದ ಕೆಲಸ. ಬೇಕಾಗುವ ಸಾಮಾನು ಹೆಚ್ಚಿನಂಶ ನಮ್ಮ ಕೊಟ್ಟಿಗೆಯಲ್ಲೇ ಇದೆ.

ಕಾಣುವ ಧೂಳು, ಕಾಣದ ಧೂಳು

ಗೋಡೆ ಒಡೆದಾಗ ಏಳುವ ಧೂಳಿನಲ್ಲಿ ದಪ್ಪ ಕಣಗಳು ಕೆಲವೇ ಕ್ಷಣಗಳಲ್ಲಿ ನೆಲಕ್ಕೆ ಬೀಳುತ್ತವೆ. ಇವು ಗುಡಿಸಿದರೆ ಹೋಗುವಂಥವು. ತೊಂದರೆ ಇರುವುದು ಸಣ್ಣ ಕಣಗಳಲ್ಲಿ. ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಿರುವ ಕಣ ಹತ್ತು ಅಡಿ ಎತ್ತರದಿಂದ ಅಲುಗದ ಗಾಳಿಯಲ್ಲಿ ಇಳಿಯಲು ಐದಾರು ನಿಮಿಷ ಬೇಕು. ಸಾವಿರದ ಒಂದು ಭಾಗದಷ್ಟಿರುವ ಕಣಕ್ಕೆ ಎಂಟು ಹತ್ತು ಗಂಟೆ ಬೇಕು. ಮನೆಯೊಳಗೆ ಗಾಳಿ ಎಂದೂ ಅಲುಗದೆ ಇರುವುದಿಲ್ಲವಾದ್ದರಿಂದ ಅದು ಇಳಿಯುವುದೇ ಇಲ್ಲವೆಂದರೂ ಸರಿ. ಗಾರೆಯವರು ಸಂಜೆ ಐದಕ್ಕೆ ಹೊರಟ ಮೇಲೆ "ಧೂಳೆಲ್ಲ ಕುಳಿತಿತು" ಎಂದು ನಾವು ಅಂದುಕೊಳ್ಳುವ ಹೊತ್ತಿನಲ್ಲಿ ಈ ಕಣಗಳು ಮಲಗುವ ಕೋಣೆಯ ಗಾಳಿಯಲ್ಲೇ ತೇಲುತ್ತಿರುತ್ತವೆ. ಶ್ವಾಸಕೋಶದ ತಳಕ್ಕೆ ಇಳಿಯುವುದೂ ಇವೇ. ಮೂಗಿನ ರೋಮ, ಗಂಟಲಿನ ಕಫ ಇವನ್ನು ಹಿಡಿಯಲಾರವು.

ಮರಳು, ಗ್ರಾನೈಟು, ನೆಲದ ಟೈಲ್ಸು, ಕಾಂಕ್ರೀಟು ಇವುಗಳ ಧೂಳಿನಲ್ಲಿ ಸಿಲಿಕಾ ಎಂಬ ಖನಿಜ ಇದೆ. ಇದು ಶ್ವಾಸಕೋಶದಲ್ಲಿ ಗಾಯದ ಕಲೆಗಳನ್ನು ಉಂಟುಮಾಡುತ್ತದೆ. ಸಿಲಿಕೋಸಿಸ್ ಎಂಬ ಆ ರೋಗಕ್ಕೆ ಗುಣಪಡಿಸುವ ಮದ್ದಿಲ್ಲ. 1997ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇಂಥ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಒಂದು ತಿಂಗಳ ದುರಸ್ತಿಯಿಂದ ಮನೆಯವರಿಗೆ ಈ ರೋಗ ಬರುತ್ತದೆಂದು ಯಾರೂ ಹೆದರಬೇಕಾಗಿಲ್ಲ. ವರ್ಷಗಟ್ಟಲೆ ಅದರಲ್ಲೇ ದುಡಿಯುವ ಕೆಲಸಗಾರನ ಮಾತು ಬೇರೆ, ಅದನ್ನು ಮುಂದೆ ನೋಡೋಣ. ಆದರೆ ಮನೆಯಲ್ಲಿ ಉಬ್ಬಸದ ಅಜ್ಜಿಯೋ, ಬಾಣಂತಿಯೋ, ಎಳೆಯ ಮಗುವೋ ಇದ್ದರೆ ಒಂದು ವಾರದ ಧೂಳೂ ಆಸ್ಪತ್ರೆಯ ದಾರಿ ತೋರಿಸಲು ಸಾಕು.

ಇನ್ನು ಫಸಲಿನ ವಿಚಾರ. ಗೋಣಿಚೀಲದ ನೇಯ್ಗೆ ಧೂಳಿಗೆ ತಡೆಯೇ ಅಲ್ಲ. ಸುಲಿದ ಚಾಲಿಯ ಮೇಲೆ ಸಿಮೆಂಟಿನ ಪುಡಿ ಕುಳಿತರೆ ತೊಳೆಯಲು ಬರುವುದಿಲ್ಲ, ತೊಳೆದರೆ ಮತ್ತೆ ಒಣಗಿಸಬೇಕು, ಬಣ್ಣ ಹೋಗುತ್ತದೆ. ವರ್ತಕರ ಕಣ್ಣಿಗೆ ಮೊದಲು ಬೀಳುವುದು ಬಣ್ಣವೇ. ವೀಳ್ಯಕ್ಕೆ ಸುಣ್ಣ ಬೇಕು ನಿಜ, ಗೋಡೆಯ ಸುಣ್ಣ ಬೇಕಾಗಿಲ್ಲ. ಕಾಫಿಯಂತೂ ಸುತ್ತಲ ವಾಸನೆಯನ್ನೆಲ್ಲ ಹೀರಿಕೊಳ್ಳುವ ವಸ್ತು; ಬಣ್ಣ, ಟರ್ಪೆಂಟೈನ್, ವಾರ್ನಿಷ್ ಇರುವ ಮನೆಯಲ್ಲಿ ಅದನ್ನು ಇಡಲೇಕೂಡದು.

ತಡೆ ಕಟ್ಟುವ ಕ್ರಮ

ಅಡಿಕೆ ಒಣಗಿಸಲು ನಾವು ಬಳಸುವ 200 ಮೈಕ್ರಾನ್ ದಪ್ಪದ ಹಾಳೆ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಹೊಸದೇ ಆಗಬೇಕೆಂದಿಲ್ಲ, ಬಿಸಿಲಿಗೆ ಹಳದಿಯಾಗಿ ಮೂಲೆಗೆ ಸೇರಿದ್ದಾದರೂ ಆದೀತು. ಹರಿದಲ್ಲಿ ಟೇಪು ಹಚ್ಚಿದರಾಯಿತು. ತೋಟದ ನೆರಳು ಬಲೆ ಪ್ರಯೋಜನವಿಲ್ಲ. ಹಳೆಯ ಸೀರೆ, ಬೆಡ್‌ಶೀಟು ಇಳಿಬಿಡುವುದು ರೂಢಿಯಲ್ಲಿದೆ. ಬಟ್ಟೆ ದಪ್ಪ ಧೂಳನ್ನು ನಿಲ್ಲಿಸೀತು, ಸಣ್ಣ ಧೂಳು ಅದರೊಳಗಿಂದ ಹಾದು ಬರುತ್ತದೆ.

ಹಾಳೆಯನ್ನು ಗೋಡೆಗೆ ಟೇಪಿನಿಂದ ಅಂಟಿಸುವ ಕ್ರಮ ಪೇಟೆಯ ಮನೆಗಳಿಗೆ ಸರಿ. ಸುಣ್ಣ ಬಳಿದ ನಮ್ಮ ಗೋಡೆಗೆ ಯಾವ ಟೇಪೂ ನಿಲ್ಲದು. ಸಂಜೆಯೊಳಗೆ ಸುಣ್ಣದ ಚಕ್ಕೆಯ ಸಮೇತ ಕಳಚಿ ಬೀಳುತ್ತದೆ. ನಮಗೆ ಒಗ್ಗುವುದು ಗಳದ ಕ್ರಮ. ಬಾಗಿಲ ಅಥವಾ ಕೋಣೆಯ ಅಗಲಕ್ಕೆ ಎರಡು ಅಡಿಕೆ ಮರದ ಗಳಗಳನ್ನು ನೆಲದಿಂದ ಮುಚ್ಚಿಗೆಯವರೆಗೆ ನಿಲ್ಲಿಸಿ, ಕೆಳಗೆ ಮರದ ಬೆಣೆ ಹೊಡೆದು ಬಿಗಿ ಮಾಡುವುದು. ಮೇಲೆ ಒಂದು ಅಡ್ಡ ರೀಪು ಕಟ್ಟುವುದು. ಹಾಳೆಯ ಮೇಲಂಚನ್ನು ಆ ರೀಪಿಗೆ ಎರಡು ಸುತ್ತು ಸುತ್ತಿ, ಮೇಲೊಂದು ದಬ್ಬೆ ಇಟ್ಟು ಸಣ್ಣ ಮೊಳೆ ಹೊಡೆಯುವುದು. ಬರಿಯ ಹಾಳೆಗೆ ಮೊಳೆ ಹೊಡೆದರೆ ಹರಿಯುತ್ತದೆ. ದಬ್ಬೆಯ ಅಡಿಯಲ್ಲಿ ಸಿಕ್ಕಿದ ಹಾಳೆ ಹರಿಯುವುದಿಲ್ಲ. ಎರಡು ಪಕ್ಕಗಳಲ್ಲೂ ಹೀಗೆಯೇ. ಕೆಳಗೆ ಒಂದು ಅಡಿಯಷ್ಟು ಹಾಳೆ ಹೆಚ್ಚಿಗೆ ಬಿಟ್ಟು, ಅದನ್ನು ಕೆಲಸದ ಕೋಣೆಯ ಕಡೆಗೆ ಮಡಚಿ, ಮೇಲೆ ಮರಳು ತುಂಬಿದ ಗೊಬ್ಬರದ ಚೀಲಗಳನ್ನು ಉದ್ದಕ್ಕೆ ಮಲಗಿಸಿದರೆ ನೆಲದ ಸಂದು ಮುಚ್ಚಿತು. ಗೋಡೆ ಸೊಟ್ಟಗಿದ್ದು ಗಳದ ಪಕ್ಕದಲ್ಲಿ ಸಂದು ಉಳಿದರೆ ಒದ್ದೆ ಗೋಣಿ ತುರುಕಬೇಕು.

ಆಳುಗಳು ಓಡಾಡಲು ದಾರಿ ಬೇಕಷ್ಟೆ. ಹಾಳೆಯ ನಡುವೆ ಆಳೆತ್ತರಕ್ಕೆ ನೇರವಾಗಿ ಒಂದು ಸೀಳು ಹಾಕಿ, ಸೀಳಿನ ಎರಡು ತುದಿಗೂ ಟೇಪು ಹಚ್ಚಿ ಮುಂದೆ ಹರಿಯದಂತೆ ಮಾಡುವುದು. ಅದರ ಮೇಲೆ ಕೆಲಸದ ಕೋಣೆಯ ಕಡೆಯಿಂದ ಇನ್ನೊಂದು ಅಗಲವಾದ ಹಾಳೆಯನ್ನು ಪರದೆಯಂತೆ ಇಳಿಬಿಟ್ಟು, ತುದಿಗೆ ಒಂದು ರೀಪಿನ ತುಂಡು ಕಟ್ಟಿ ಭಾರ ಮಾಡುವುದು. ಹೋದವರ ಹಿಂದೆ ಪರದೆ ತಾನಾಗಿ ಬೀಳುತ್ತದೆ. ಸಾಧ್ಯವಿದ್ದಲ್ಲಿ ಮನೆಯೊಳಗಿನ ಬಾಗಿಲನ್ನು ಸಂಪೂರ್ಣ ಮುಚ್ಚಿ, ಆಳುಗಳಿಗೂ ಮಣ್ಣು ಹೊರುವುದಕ್ಕೂ ಹಿತ್ತಲ ಕಡೆಯಿಂದ ದಾರಿ ಮಾಡಿಕೊಡುವುದು ಇದಕ್ಕಿಂತ ಎಷ್ಟೋ ಮೇಲು. ಕಿಟಕಿಯ ಚೌಕಟ್ಟನ್ನೇ ಬದಲಿಸುವ ಯೋಚನೆ ಇದ್ದವರು ಅದನ್ನು ಮೊದಲು ಕೀಳಿಸಿ ದಾರಿಯಾಗಿ ಬಳಸಬಹುದು.

ಗೋಡೆಯ ಮೇಲಿನ ಸಂದು

ಪೇಟೆಯ ತಾರಸಿ ಮನೆಗೂ ನಮ್ಮ ಹೆಂಚಿನ ಮನೆಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಬಾಸೆಲ್ ಮಿಷನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟದ ಕೆಳಗೂ ಮೇಲೂ ಹಬ್ಬಿದ ಈ ಮಾಡಿನ ಮನೆಗಳಲ್ಲಿ ಒಳಗೋಡೆಗಳು ಬಹಳ ಕಡೆ ಮಾಡಿನವರೆಗೆ ಹೋಗುವುದಿಲ್ಲ. ಗೋಡೆ ಎಂಟು ಹತ್ತು ಅಡಿಗೆ ನಿಲ್ಲುತ್ತದೆ. ಅದರ ಮೇಲೆ ಇಡೀ ಮನೆಗೆ ಒಂದೇ ಗಾಳಿ. ಸೆಕೆಗಾಲಕ್ಕೆ ಇದು ಉತ್ತಮ ವ್ಯವಸ್ಥೆ. ಧೂಳಿಗೂ ಅಷ್ಟೇ ಉತ್ತಮ! ಬಾಗಿಲಿಗೆ ಎಷ್ಟು ಬಿಗಿಯಾಗಿ ಹಾಳೆ ಕಟ್ಟಿದರೂ ಬಿಸಿಗಾಳಿಯೊಡನೆ ಮೇಲೇರಿದ ಧೂಳು ಗೋಡೆ ದಾಟಿ, ಅಟ್ಟದ ಮೇಲೆ ಹರವಿದ ಅಡಿಕೆಯ ಮೇಲೇ ನೇರವಾಗಿ ಇಳಿಯುತ್ತದೆ. ತಡೆ ಕಟ್ಟಿಯೂ ಪ್ರಯೋಜನವಾಗಲಿಲ್ಲ ಎನ್ನುವವರ ಮನೆಯಲ್ಲಿ ತಲೆಯೆತ್ತಿ ನೋಡಿದರೆ ಕಾರಣ ಹೆಚ್ಚಾಗಿ ಅಲ್ಲೇ ಕಾಣುತ್ತದೆ.

ಮುಚ್ಚಿಗೆ ಇಲ್ಲದ ಕೋಣೆಗೆ ಹಾಳೆಯದೇ ಮುಚ್ಚಿಗೆ ಮಾಡಬೇಕು. ಗೋಡೆಯ ತಲೆಯ ಮೇಲೆ ಆಚೆಯಿಂದ ಈಚೆಗೆ ಎರಡು ಅಡಿಗೆ ಒಂದರಂತೆ ದಬ್ಬೆ ಹಾಯಿಸಿ, ಅದರ ಮೇಲೆ ಹಾಳೆ ಹಾಸಿ, ಅಂಚುಗಳನ್ನು ಗೋಡೆಯ ಹೊರಮೈಗೆ ಒಂದೊಂದು ಅಡಿ ಇಳಿಬಿಟ್ಟು ಕಲ್ಲು ಕಟ್ಟಿದರೆ ಸಾಕು. ಶ್ರಾದ್ಧದ ಚಪ್ಪರ ಹಾಕಬಲ್ಲವರಿಗೆ ಇದೇನೂ ಹೊಸ ವಿದ್ಯೆಯಲ್ಲ. ಹಲಗೆಯ ಮುಚ್ಚಿಗೆ ಇದ್ದರೂ ಹಲಗೆಗಳ ನಡುವೆ ಬಿರುಕಿದ್ದರೆ ಅಟ್ಟದ ಮೇಲಿನಿಂದ ಹಾಳೆ ಹಾಸುವುದು ಒಳ್ಳೆಯದು. ಹೊಡೆಯಬೇಕಾದ ಗೋಡೆಯೇ ಮಾಡಿನ ಭಾರ ಹೊತ್ತಿದ್ದರೆ ಅದು ಬೇರೆ ವಿಚಾರ, ತಿಳಿದ ಬಡಗಿಯನ್ನೂ ಮೇಸ್ತ್ರಿಯನ್ನೂ ಕೇಳದೆ ಮುಟ್ಟಕೂಡದು.

ಹೆಂಚನ್ನೇ ಇಳಿಸುವುದಿದ್ದರೆ ಅಟ್ಟದಲ್ಲಿ ಒಂದು ಮೂಟೆಯೂ ಉಳಿಯಬಾರದು. ಹೆಂಚಿನ ಅಡಿಯಲ್ಲಿ ವರ್ಷಾನುಗಟ್ಟಲೆ ಕಟ್ಟಿದ ಇಲ್ಲಣ, ಒಲೆಯ ಮಸಿ, ಇಲಿ ಬಾವಲಿಗಳ ಹಿಕ್ಕೆ, ಗೆದ್ದಲ ಮಣ್ಣು ಎಲ್ಲ ಒಟ್ಟಿಗೆ ಬೀಳುತ್ತದೆ. ಅಟ್ಟದ ನೆಲಕ್ಕೆ ಹಾಳೆ ಹಾಸಿ ಅಂಚನ್ನು ಸುತ್ತಲೂ ಮೊಳದೆತ್ತರ ನಿಲ್ಲಿಸಿ, ಔಷಧಿ ಹೊಡೆಯದ ಬೇರೆ ಸ್ಪ್ರೇಯರಿನಿಂದ ನಯವಾಗಿ ನೀರು ಚಿಮುಕಿಸಿ, ಆಮೇಲೆ ಕೆಳಗಿಳಿಸಬೇಕು. ಬೋರ್ಡೋ ದ್ರಾವಣ ಹೊಡೆಯುವ ಪಂಪನ್ನೇ ತೊಳೆದು ಬಳಸುವ ಆಸೆ ಬೇಡ.

ಗಾಳಿ ಯಾವ ಕಡೆಗೆ ಹೋಗಬೇಕು

ತಡೆ ಎಷ್ಟೇ ಬಿಗಿಯಾಗಿದ್ದರೂ ಎಲ್ಲೋ ಒಂದು ಕಡೆ ಸೂಜಿಮೊನೆಯ ಸಂದು ಇದ್ದೇ ಇರುತ್ತದೆ. ಆ ಸಂದಿನಲ್ಲಿ ಗಾಳಿ ಮನೆಯಿಂದ ಕೆಲಸದ ಕೋಣೆಗೆ ಹೋಗುತ್ತಿದೆಯೋ, ಕೆಲಸದ ಕೋಣೆಯಿಂದ ಮನೆಗೆ ಬರುತ್ತಿದೆಯೋ ಎಂಬುದೇ ಮುಖ್ಯ. ಮೊದಲನೆಯದಾದರೆ ಸಂದು ಇದ್ದರೂ ಧೂಳು ಈಚೆ ಬರಲಾರದು. ಹೀಗಾಗಿಸುವುದು ಸುಲಭ: ಕೆಲಸದ ಕೋಣೆಯ ಹೊರಗಿಟಕಿಯಲ್ಲಿ ಗಾಳಿಯನ್ನು ಹೊರಕ್ಕೆ ನೂಕುವಂತೆ ಒಂದು ಎಕ್ಸಾಸ್ಟ್ ಫ್ಯಾನು ಕೂರಿಸಿ, ಕಿಟಕಿಯ ಉಳಿದ ಭಾಗವನ್ನು ರಟ್ಟಿನಿಂದಲೋ ಹಾಳೆಯಿಂದಲೋ ಮುಚ್ಚಿಬಿಡುವುದು. ಎಕ್ಸಾಸ್ಟ್ ಫ್ಯಾನು ಇಲ್ಲದಿದ್ದರೆ ಮೇಜಿನ ಫ್ಯಾನನ್ನೇ ಹೊರಮುಖವಾಗಿ ಇಡಬಹುದು, ಸುತ್ತಲಿನ ಸಂದು ಮುಚ್ಚಿರಬೇಕು ಅಷ್ಟೆ. ಕೋಣೆಯ ಇತರ ಕಿಟಕಿಗಳನ್ನು ತೆರೆದಿಟ್ಟರೆ ಫ್ಯಾನು ಆ ಕಿಟಕಿಯ ಗಾಳಿಯನ್ನೇ ಎಳೆದು ಹೊರಹಾಕುತ್ತದೆ, ತಡೆಯ ಕಡೆಗೆ ಎಳೆತವೇ ಇರುವುದಿಲ್ಲ.

ಫ್ಯಾನು ಹಾಕಿದಾಗ ಹಾಳೆ ಕೆಲಸದ ಕೋಣೆಯ ಕಡೆಗೆ ಹೊಟ್ಟೆ ಉಬ್ಬಿಸಿ ನಿಂತರೆ ಕೆಲಸ ಸರಿಯಾಗಿದೆ ಎಂದರ್ಥ. ಅನುಮಾನವಿದ್ದರೆ ಮನೆಯ ಕಡೆ ನಿಂತು ಒಂದು ಊದುಬತ್ತಿ ಹಚ್ಚಿ, ಹಾಳೆಗೆ ತಾಗಿಸದೆ, ಅಂಚುಗಳ ಉದ್ದಕ್ಕೂ ತೋರಿಸಿರಿ. ಹೊಗೆ ಸಂದಿನೊಳಕ್ಕೆ ಎಳೆದುಕೊಂಡು ಹೋಗಬೇಕು. ನಮ್ಮ ಮುಖಕ್ಕೆ ತಿರುಗಿದರೆ ಆ ಜಾಗ ಕೆಟ್ಟಿದೆ. ಕರೆಂಟು ಹೋದಾಗ ಈ ಎಳೆತ ನಿಲ್ಲುತ್ತದೆ. ನಮ್ಮಲ್ಲಿ ಅದು ಯಾವಾಗ ಹೋಗುತ್ತದೆಂದು ಹೇಳಬೇಕಾಗಿಲ್ಲ. ಹೋದ ಕೂಡಲೇ ಒಡೆಯುವ, ಉಜ್ಜುವ ಕೆಲಸ ನಿಲ್ಲಿಸಿ ಬೇರೆ ಕೆಲಸ ಹಿಡಿಯುವಂತೆ ಮೇಸ್ತ್ರಿಗೆ ಮೊದಲೇ ಹೇಳಿಡುವುದು.

ಇಲ್ಲಿ ಎರಡು ಎಚ್ಚರಿಕೆಗಳುಂಟು. ಮನೆಯ ಬಾಗಿಲು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ ಫ್ಯಾನು ಓಡಿಸಿದರೆ ಅದು ಅಡಿಗೆ ಒಲೆಯ, ಬಚ್ಚಲ ಹಂಡೆಯೊಲೆಯ ಹೊಗೆಯನ್ನು ಮನೆಯೊಳಕ್ಕೇ ಎಳೆಯಬಹುದು. ಗ್ಯಾಸ್ ಗೀಸರು ಇದ್ದಲ್ಲಿ ಇದು ಪ್ರಾಣಾಪಾಯದ ವಿಚಾರ. ಆದ್ದರಿಂದ ಮನೆಯ ಕಡೆ, ಕೆಲಸದ ಕೋಣೆಯಿಂದ ದೂರದ ಒಂದು ಕಿಟಕಿ ತೆರೆದೇ ಇರಲಿ. ಇನ್ನೊಂದು, ಪ್ಲಾಸ್ಟಿಕ್ ಹಾಳೆ ಬೆಂಕಿ ತಾಗಿದರೆ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ. ಒಲೆಯ ಬಳಿ, ದೇವರ ದೀಪದ ಬಳಿ ಅದು ಬರುವುದು ಬೇಡ.

ಫ್ಯಾನಿನ ಗಾಳಿ ಬೀಳುವ ಕಡೆ ಅಂಗಳದಲ್ಲಿ ಏನು ಒಣಗುತ್ತಿದೆ ಎಂಬುದನ್ನೂ ನೋಡಬೇಕಲ್ಲವೆ. ಕಿಟಕಿಯ ಹೊರಗೆ ಎರಡು ಮೂರು ಅಡಿ ದೂರದಲ್ಲಿ ಒದ್ದೆ ಗೋಣಿ ಇಳಿಬಿಟ್ಟರೆ ದಪ್ಪ ಧೂಳು ಅದಕ್ಕೆ ಬಡಿದು ನಿಲ್ಲುತ್ತದೆ. ಬಾವಿಯ ಕಡೆ, ಕಣದ ಕಡೆ ಇರುವ ಕಿಟಕಿಯನ್ನು ಈ ಕೆಲಸಕ್ಕೆ ಆರಿಸಬಾರದು.

ತಡೆಯ ಒಳಗಿರುವವರು

ತಡೆ ಕಟ್ಟಿದ ಮೇಲೆ ಮನೆಮಂದಿ ಸುಖವಾಗಿರುತ್ತಾರೆ. ಆದರೆ ಮೊದಲು ಇಡೀ ಮನೆಗೆ ಹಂಚಿಹೋಗುತ್ತಿದ್ದ ಧೂಳೆಲ್ಲ ಈಗ ಒಂದೇ ಕೋಣೆಯಲ್ಲಿ, ಅಲ್ಲಿ ಕೆಲಸ ಮಾಡುವ ಇಬ್ಬರು ಮೂವರ ಪಾಲಿಗೆ ಉಳಿಯುತ್ತದೆ. ನಾವು ಫ್ಯಾನು ಹಾಕದೆ, ನೀರು ಚಿಮುಕಿಸದೆ ಬರಿಯ ಹಾಳೆ ಕಟ್ಟಿದರೆ ನಮ್ಮ ಅಡಿಕೆಯನ್ನು ಉಳಿಸಲು ಇನ್ನೊಬ್ಬರ ಎದೆಯನ್ನು ಒತ್ತೆ ಇಟ್ಟಂತಾಗುತ್ತದೆ. ನಮ್ಮ ಮನೆಯ ಕೆಲಸ ತಿಂಗಳಲ್ಲಿ ಮುಗಿದೀತು; ಟೈಲ್ಸ್ ಕತ್ತರಿಸುವ ಹುಡುಗ ಮರುದಿನ ಇನ್ನೊಂದು ಮನೆಯಲ್ಲಿ ಅದೇ ಧೂಳು ಕುಡಿಯುತ್ತಾನೆ. ಮುಖಕ್ಕೆ ಬೈರಾಸು ಸುತ್ತಿಕೊಳ್ಳುವುದರಿಂದ ಸಣ್ಣ ಧೂಳು ನಿಲ್ಲದು. ಎನ್-95 ಎಂಬ ಗುರುತಿನ ಮುಖವಾಡ ಮೂಗಿಗೆ ಒತ್ತಿ ಕೂರುವಂತೆ ಕಟ್ಟಿದರೆ ಮಾತ್ರ ಉಪಯೋಗ. ಅದನ್ನು ಮನೆಯವರೇ ತಂದು ಕೊಡುವುದು ಸರಿ. ಕೂಲಿಯ ಲೆಕ್ಕದಲ್ಲಿ ಅದು ದೊಡ್ಡ ಮೊತ್ತವಲ್ಲ.

ಮುಖವಾಡಕ್ಕಿಂತ ನೀರು ಹೆಚ್ಚು ಕೆಲಸ ಮಾಡುತ್ತದೆ. ಒಡೆಯುವ ಗೋಡೆಗೆ ಹಿಂದಿನ ರಾತ್ರಿಯೇ ನೀರು ಹೊಡೆದಿಡಬೇಕು. ಮಣ್ಣಿನ ಗೋಡೆಯಾದರೆ ಒದ್ದೆಯಾಗುವಷ್ಟು ಮಾತ್ರ, ಕುಸಿಯುವಷ್ಟಲ್ಲ. ಬಿದ್ದ ಮಣ್ಣನ್ನು ಒಣಗಲು ಬಿಡದೆ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಹೊರಗೆ ಸಾಗಿಸಬೇಕು. ಟೈಲ್ಸ್, ಗ್ರಾನೈಟ್, ಮುರಕಲ್ಲು ಕತ್ತರಿಸುವ ಕೆಲಸ ಕೋಣೆಯೊಳಗೆ ಕೂಡದು; ಅಂಗಳದ ಒಂದು ಮೂಲೆಯಲ್ಲಿ, ಫಸಲಿಗೆ ಗಾಳಿ ಬೀಸದ ಕಡೆ, ಚಕ್ರಕ್ಕೆ ನೀರು ತೊಟ್ಟಿಕ್ಕಿಸುತ್ತ ಕತ್ತರಿಸಿ ತರಬೇಕು. ನೀರಿಗಾಗಿ ಮಾಡಿದ ಯಂತ್ರವೇ ಆಗಿರಬೇಕು. ಸೋರಿಕೆ ಕರೆಂಟಿಗೆ ತಾನಾಗಿ ಲೈನು ಕಡಿಯುವ ಇ.ಎಲ್.ಸಿ.ಬಿ. ಇಲ್ಲದ ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕುವುದು ಅಪಾಯ. ಗೋಡೆಗೆ ಹಚ್ಚಿದ ಪುಟ್ಟಿಯನ್ನು ಉಪ್ಪುಕಾಗದದಿಂದ ಉಜ್ಜುವಾಗ ಏಳುವ ಪುಡಿ ಎಲ್ಲಕ್ಕಿಂತ ನಯ. ಕೆಲಸ ಮುಗಿಯುತ್ತ ಬಂತೆಂದು ತಡೆ ಬಿಚ್ಚಿದ ಮೇಲೆ ಪುಟ್ಟಿ ಉಜ್ಜಿಸಿ ಮನೆಯೆಲ್ಲ ಬಿಳಿಯಾಗಿಸಿಕೊಂಡವರು ಬಹಳ ಮಂದಿ.

ಹಳೆಯ ಮನೆಗಳ ಎರಡು ವಸ್ತುಗಳ ಬಗ್ಗೆ ಪ್ರತ್ಯೇಕ ಹೇಳಬೇಕು. ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಸೇರಿದೆ. ಅದರ ನಾರು ಉಸಿರಿನಲ್ಲಿ ಹೋದರೆ ಹಲವು ದಶಕಗಳ ನಂತರವೂ ಕ್ಯಾನ್ಸರ್ ಬರಬಹುದು. ಅಂಥ ಶೀಟನ್ನು ಗರಗಸದಿಂದ ಕೊಯ್ಯುವುದು, ಒಡೆಯುವುದು, ಒಣ ಬ್ರಶ್ಶಿನಿಂದ ಉಜ್ಜುವುದು ಯಾವುದೂ ಬೇಡ. ಒದ್ದೆ ಮಾಡಿ, ನಟ್ಟು ಬಿಚ್ಚಿ, ಇಡಿಯಾಗಿ ಇಳಿಸಿ ಹಾಳೆಯಲ್ಲಿ ಸುತ್ತಬೇಕು. ಹಳೆಯ ಬಾಗಿಲು ಕಿಟಕಿಗಳ ಎಣ್ಣೆ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಮನೆಬಳಕೆಯ ಬಣ್ಣದಲ್ಲಿ ಸೀಸಕ್ಕೆ ಹತ್ತು ಲಕ್ಷದಲ್ಲಿ 90 ಭಾಗದ ಮಿತಿ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಮುಂಚಿನ ಬಣ್ಣವನ್ನು ಒಣಗಿದ್ದಾಗ ಉಜ್ಜಿ ತೆಗೆದರೆ ಆ ಪುಡಿ ಮಕ್ಕಳ ಬುದ್ಧಿಯ ಬೆಳವಣಿಗೆಗೆ ಹಾನಿಕರ. ಬಾಗಿಲನ್ನು ಕಳಚಿ ಹೊರಗೊಯ್ದು ನೀರು ಹಚ್ಚುತ್ತ ಉಜ್ಜಿಸಬೇಕು, ಮಕ್ಕಳು ಆ ಕಡೆ ಸುಳಿಯಬಾರದು.

ಫಸಲನ್ನು ಎಲ್ಲಿಡುವುದು

ಮೇಲಿನಂತೆ ಮಾಡಿದರೆ ಕೆಲಸವಿಲ್ಲದ ಕೋಣೆಗಳಲ್ಲಿ ಮೂಟೆಗಳು ಎಂದಿನಂತೆ ಇರಬಹುದು: ನೆಲಕ್ಕೆ ಹಲಗೆ, ಗೋಡೆಗೂ ಮೂಟೆಗೂ ನಡುವೆ ಒಂದು ಮೊಳ ಜಾಗ, ಮೇಲೊಂದು ಒಗೆದ ಹತ್ತಿ ಬಟ್ಟೆ. ಗೋಡೆ ಒಡೆಯುವ ದಿನ ಮಾತ್ರ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೊದೆಸಿ ಸಂಜೆ ತೆಗೆದುಬಿಡುವುದು. ಕೆಲಸ ನಡೆಯುವ ಕೋಣೆಯಲ್ಲಿ ಮತ್ತು ಅದರ ನೇರ ಮೇಲಿನ ಅಟ್ಟದಲ್ಲಿ ಏನೂ ಇರಬಾರದು. ಧೂಳು ಮುಗಿದ ಮೇಲೂ ಅಲ್ಲಿಗೆ ಅವಸರದಿಂದ ಮರಳಿ ಸಾಗಿಸುವುದು ಬೇಡ. ಹೊಸ ಗಾರೆಗೂ ನೆಲಕ್ಕೂ ವಾರಗಟ್ಟಲೆ ನೀರು ಕುಡಿಸಿರುತ್ತೇವೆ. ಆ ನೀರು ಅಷ್ಟೇ ವಾರ ಗಾಳಿಗೆ ಬಿಡುತ್ತಿರುತ್ತದೆ, ಒಣಗಿದ ಕಾಫಿ ಅದನ್ನು ಕುಡಿಯುತ್ತದೆ. ಜೂನ್ ಮಳೆ ಹಿಡಿದ ಮೇಲೆ ಹೊಸ ಗಾರೆ ಆರುವುದೂ ಕಷ್ಟ. ಕೆಲಸ ಏಪ್ರಿಲ್ ಕೊನೆ ದಾಟುವಂತಿದ್ದರೆ ಆ ಕೋಣೆಯ ಮೂಟೆಗಳನ್ನು ಮೊದಲೇ ಸಂಘದ ಗೋದಾಮಿಗೋ ನೆಂಟರ ಮನೆಗೋ ಸಾಗಿಸುವುದು, ಇಲ್ಲವೇ ಧಾರಣೆಯ ಆಸೆ ಸ್ವಲ್ಪ ಬಿಟ್ಟು ಮಾರಿಬಿಡುವುದು ಲೇಸೆಂದು ನನ್ನ ಅಭಿಪ್ರಾಯ.

ತಡೆ ಬಿಚ್ಚುವಾಗ

ಕೊನೆಯ ಉಜ್ಜುವಿಕೆ ಆದ ಮೇಲೆ ಒಂದು ರಾತ್ರಿ ಪೂರ್ತಿ ಕೋಣೆಗೆ ಬೀಗ ಹಾಕಿ ಧೂಳು ಇಳಿಯಲು ಬಿಡುವುದು. ಬೆಳಿಗ್ಗೆ ಫ್ಯಾನು ಓಡಿಸಿ, ಒಣ ಪೊರಕೆ ಮುಟ್ಟದೆ, ಒದ್ದೆ ಮಾಡಿದ ಮರದ ಹೊಟ್ಟನ್ನು ನೆಲಕ್ಕೆ ಎರಚಿ ಗುಡಿಸಿ, ಆಮೇಲೆ ಗೋಡೆ, ಕಿಟಕಿ, ನೆಲ ಒರೆಸುವುದು. ಹಾಳೆಗೆ ಎರಡು ಕಡೆಯೂ ನೀರು ಚಿಮುಕಿಸಿ, ಮೇಲಿನಿಂದ ಬಿಚ್ಚುತ್ತ, ಧೂಳು ಹಿಡಿದ ಮುಖ ಒಳಗಾಗುವಂತೆ ಸುರುಳಿ ಸುತ್ತಿ ಹಿತ್ತಲ ಬಾಗಿಲಿನಿಂದ ಹೊರಗೆ ಒಯ್ಯಬೇಕು. ತೊಳೆದರೆ ಇನ್ನೊಂದು ದುರಸ್ತಿಗೆ ಬರುತ್ತದೆ. ಆದರೆ ಆ ಹಾಳೆ ಮತ್ತೆ ಅಡಿಕೆ, ಕಾಫಿ ಒಣಗಿಸಲು ಹೋಗಕೂಡದು. ತೊಳೆದು ಮಡಚಿಟ್ಟದ್ದನ್ನು ಮುಂದಿನ ಕೊಯ್ಲಿನಲ್ಲಿ ಆಳುಗಳು ಗುರುತು ಸಿಗದೆ ಅಂಗಳಕ್ಕೆ ಹಾಸಿಬಿಡುತ್ತಾರೆ. ಆದ್ದರಿಂದ ಮಡಚುವ ಮೊದಲೇ ನಾಲ್ಕು ಮೂಲೆಗೂ ಕೆಂಪು ಬಣ್ಣದಿಂದ ದೊಡ್ಡದಾಗಿ ಗುರುತು ಹಾಕಿಡುವುದು.